ಕೆಂಪು ಗ್ರೀಸಿನ ಡಬ್ಬಿ

ಹಲ್ಲಿನ ಡಾಕ್ಟರಮ್ಮನ ನೀಲಿ ಕಾರು ಮೂರನೆಯ ಸಲ ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಾಗ, ಬೈಯೋಣವೆಂದರೆ ಗುಲಗಂಜಿಗೆ ಅಲ್ಲಿ ಯಾರೂ ಉಳಿದಿರಲಿಲ್ಲ.

ಗುಲಗಂಜಿ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಗಿರಾಕಿಗಳು ಇಟ್ಟದ್ದು. "ಬ್ರೇಕಿನ ಕೆಲಸದಲ್ಲಿ ಗುಲಗಂಜಿಯಷ್ಟೂ ಹೆಚ್ಚುಕಡಿಮೆ ಆಗಬಾರದು" ಎಂದು ಅವನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ. ಐದನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ಕೇಳುವವರು ಜಾಗ ಖಾಲಿ ಮಾಡಿರುತ್ತಿದ್ದರು. ಆದರೆ ಹೇಳಿದ ಹಾಗೇ ನಡೆಯುವ ಆಸಾಮಿ ಎಂಬುದನ್ನು ಅವನ ಶತ್ರುಗಳೂ ಒಪ್ಪಬೇಕು. ಗ್ಯಾರೇಜಿನ ಗೋಡೆಯ ಮೇಲೆ ಪ್ರತಿ ಸ್ಪ್ಯಾನರಿನ ಸುತ್ತ ಬಿಳಿ ಬಣ್ಣದ ಗೆರೆ. ಹಲಗೆಯ ಮೇಲೆ ಪ್ರತಿ ಡಬ್ಬಿಯ ಅಡಿಗೆ ಒಂದು ಬಿಳಿ ವೃತ್ತ. ತೆಗೆದದ್ದನ್ನು ಅದರದೇ ವೃತ್ತದಲ್ಲಿ ವಾಪಸ್ ಇಡಬೇಕು. ಕಣ್ಣು ಮುಚ್ಚಿ ಕೈ ಚಾಚಿದರೂ ಬೇಕಾದದ್ದೇ ಸಿಗಬೇಕು. ಈ ಕಾನೂನಿಗೆ ಹತ್ತೊಂಬತ್ತು ವರ್ಷ ತಲೆಬಾಗಿದವನು ಲೋಕದಲ್ಲಿ ಒಬ್ಬನೇ, ಹೆಂಡತಿಯ ತಮ್ಮ.

ಆ ಭಾವಮೈದುನನಿಗೂ ಅಡ್ಡಹೆಸರಿತ್ತು. ಕಾರಿನ ಪಕ್ಕ ಸುಮ್ಮನೆ ಹಾದುಹೋದರೂ ಸಾಕು, "ಇದರ ಕ್ಲಚ್ ಸುಡ್ತಿದೆ", "ಇಲ್ಲೆಲ್ಲೋ ಆಯಿಲ್ ಸೋರ್ತಿದೆ" ಎಂದು ವಾಸನೆಯಲ್ಲೇ ಹೇಳುತ್ತಿದ್ದ. ಹಾಗಾಗಿ ಮೂಗಪ್ಪ. ಮದುವೆಯಿಲ್ಲ, ಮಕ್ಕಳಿಲ್ಲ. ಅಕ್ಕನ ಮನೆಯ ಊಟ, ಭಾವನ ಬೈಗುಳ, ಎರಡೂ ಅವನ ಮೈಗೆ ಒಗ್ಗಿದ್ದವು.

ಎರಡು ತಿಂಗಳ ಹಿಂದೆ ಡಾಕ್ಟರಮ್ಮನ ಕಾರಿನ ಹಿಂದಿನ ಬ್ರೇಕಿನ ಕ್ಯಾಲಿಪರನ್ನು ಬಿಚ್ಚಿ, ತೊಳೆದು, ಹೊಸ ಸೀಲು ಹಾಕಿ ಜೋಡಿಸಿದವನು ಮೂಗಪ್ಪ. ಮೂರು ವಾರಕ್ಕೆ ಕಾರು ವಾಪಸ್ ಬಂತು. ಬ್ರೇಕು ಹಿಡಿದರೆ ಹಿಡಿಯಿತು, ಬಿಡುವುದಿಲ್ಲ. ಚಕ್ರ ಮುಟ್ಟಿದರೆ ಕೈ ಸುಡುತ್ತದೆ. ಡಾಕ್ಟರಮ್ಮನ ಎದುರೇ ಗುಲಗಂಜಿ ಭಾವಮೈದುನನನ್ನು ನಿಲ್ಲಿಸಿಕೊಂಡು ನೀರಿಳಿಸಿದ.

"ಪಿಸ್ಟನ್ ಕೂರಿಸುವಾಗ ಸೀಲ್ ಕುಯ್ದಿದೀಯ. ಹಿಂದಿನ ಪಿಸ್ಟನ್ ಒತ್ತಬೇಡ, ತಿರುಗಿಸು ಅಂತ ಎಷ್ಟು ಸಲ ಬಡ್ಕೊಂಡಿದೀನಿ?"

"ತಿರುಗಿಸೇ ಕೂರಿಸಿದ್ದು ಭಾವ. ಸೀಲ್ ಕುಯ್ದಿಲ್ಲ. ಆ ಗ್ರೀಸಿನ ವಾಸನೆ ಯಾಕೋ ಸರಿಯಿಲ್ಲ, ಒಂದ್ಸಲ ನೋಡಿ."

"ಕೆಲಸ ಗೊತ್ತಿಲ್ಲದವನಿಗೆ ಗ್ರೀಸಿನ ಮೇಲೆ ಅನುಮಾನವಂತೆ! ಮೂಗು ಇದೆ ಅಂತ ಎಲ್ಲದಕ್ಕೂ ತೂರಿಸ್ಬೇಡ."

ಡಾಕ್ಟರಮ್ಮ ಮುಜುಗರದಿಂದ ನಕ್ಕರು. ಅದೇ ಮುಳುವಾಯಿತು. ಬೈಗುಳ ತಿಂದು ಅಭ್ಯಾಸವಿದ್ದ ಮೂಗಪ್ಪನಿಗೆ ಆ ನಗು ತಡೆಯಲಾಗಲಿಲ್ಲ. ಕೈ ಒರೆಸುವ ಬಟ್ಟೆಯನ್ನು ಮಡಿಸಿ, ಅದಕ್ಕೆ ಗುರುತು ಮಾಡಿದ್ದ ಮೊಳೆಗೇ ನೇತುಹಾಕಿ, "ಇನ್ನು ನೀವು ಕರೆದ್ರೂ ಬರಲ್ಲ, ಫೋನ್ ಮಾಡಿದ್ರೂ ಎತ್ತಲ್ಲ" ಎಂದು ಹೇಳಿ ಹೊರಟುಹೋದ. ಗುಲಗಂಜಿ ತಡೆಯಲಿಲ್ಲ. ಬಿಚ್ಚಿದ ಸೀಲನ್ನು ಕಣ್ಣೆತ್ತಿ ಕೂಡ ನೋಡದೆ ಕಸದ ಡಬ್ಬಿಗೆ ಎಸೆದು, ತಾನೇ ಕೂತು ಕ್ಯಾಲಿಪರನ್ನು ಹೊಸದಾಗಿ ಕಟ್ಟಿದ. ಸಂಜೆ ಹೆಂಡತಿಯ ಬಳಿ, "ಕೆಲಸ ಅಂದ್ರೆ ಹೇಗಿರ್ಬೇಕು ಅಂತ ನಿನ್ನ ತಮ್ಮಂಗೆ ತೋರಿಸು ಹೋಗು" ಎಂದು ಜಂಬ ಕೊಚ್ಚಿಕೊಂಡದ್ದೂ ಉಂಟು.

ಈಗ ಅದೇ ಚಕ್ರ, ಅದೇ ಬಿಸಿ. ಕಟ್ಟಿದ ಕೈ ಮಾತ್ರ ಅವನದೇ.

ಡಾಕ್ಟರಮ್ಮ ಕೀಲಿಯನ್ನು ಬೆಂಚಿನ ಮೇಲಿಟ್ಟು ಆಟೋ ಹತ್ತಿ ಹೋದರು. ಗುಲಗಂಜಿ ಚಕ್ರ ಬಿಚ್ಚಿದ. ಬೆಳಿಗ್ಗೆ ಹತ್ತು ಗಂಟೆ; ಮೇಲಿನ ಮನೆಯಿಂದ ಇಸ್ತ್ರಿಪೆಟ್ಟಿಗೆ ಮೇಜಿಗೆ ತಗಲುವ ಸದ್ದು ಕೇಳುತ್ತಿತ್ತು. ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆ ಕಾದು ಕಾದು ನೀಲಿಗಟ್ಟಿತ್ತು. ಅದನ್ನು ಮುಷ್ಟಿಯಂತೆ ಕಚ್ಚಿ ಹಿಡಿಯುವ ಕ್ಯಾಲಿಪರನ್ನು ಕಳಚಿ, ಬೆಂಚಿಗೆ ಬಿಗಿದ ಇಕ್ಕಳಕ್ಕೆ ಸಿಕ್ಕಿಸಿ, ಎರಡು ಮೊಳೆಯ ಉಪಕರಣ ಹಿಡಿದು, ಬ್ರೇಕಿನ ಪ್ಯಾಡನ್ನು ಒತ್ತುವ ಪಿಸ್ಟನ್ ತಿರುಗಿಸಿದ. ಬೆರಳಲ್ಲಿ ತಿರುಗಬೇಕಾದದ್ದು ತೋಳಿನ ಬಲಕ್ಕೂ ಬಗ್ಗದೆ, ನರಳುತ್ತ ಅಂಗುಲ ಅಂಗುಲವಾಗಿ ಹೊರಬಂತು. ತುಕ್ಕಿಲ್ಲ, ಗೀರಿಲ್ಲ, ಕನ್ನಡಿಯ ಹಾಗೆ ಹೊಳೆಯುತ್ತಿದೆ. ಹಾಗಾದರೆ ಯಾಕೆ ಸಿಕ್ಕಿಕೊಂಡಿತು?

ಒಳಗಿನ ಕಾಲುವೆಯಿಂದ ಸೀಲನ್ನು ಎಬ್ಬಿಸಿ ತೆಗೆದ. ಬಳೆಯಂಥ ರಬ್ಬರಿನ ಉಂಗುರ. ಬ್ರೇಕು ಒತ್ತಿದಾಗ ಪಿಸ್ಟನ್ನಿನ ಜೊತೆ ಒಂದಿಷ್ಟು ಬಾಗುವುದು, ಬಿಟ್ಟಾಗ ಅದನ್ನು ಹಿಂದಕ್ಕೆ ಎಳೆದುಕೊಳ್ಳುವುದು, ಇಷ್ಟೇ ಅದರ ಕೆಲಸ. ಡ್ರಾಯರಿನಿಂದ ಹೊಸ ಸೀಲೊಂದನ್ನು ತೆಗೆದು ಹಳೆಯದರ ಪಕ್ಕದಲ್ಲಿಟ್ಟ. ಹಳೆಯದಕ್ಕೆ ಇನ್ನೂ ಆರು ವಾರವೂ ತುಂಬಿರಲಿಲ್ಲ. ಅದು ಊದಿಕೊಂಡು, ಮೆತ್ತಗಾಗಿ, ನೀರಲ್ಲಿ ನೆನೆಸಿದ ಕಾಳಿನ ಹಾಗೆ ದಪ್ಪವಾಗಿತ್ತು.

ರಬ್ಬರು ಹೀಗೆ ಊದುವುದು ಒಂದೇ ಕಾರಣಕ್ಕೆ, ತಗಲಬಾರದ ಎಣ್ಣೆ ತಗಲಿದರೆ. ಸೀಲಿಗೆ ಸವರುವ ಗ್ರೀಸೇ ಬೇರೆ, ಚಕ್ರದ ಬೇರಿಂಗಿಗೆ ತುಂಬುವ ಗ್ರೀಸೇ ಬೇರೆ. ಎರಡರ ಬಣ್ಣವೂ ಕೆಂಪು. ಹಲಗೆಯ ಮೇಲೆ, ತನ್ನ ವೃತ್ತದಲ್ಲಿ, ರಬ್ಬರ್ ಗ್ರೀಸಿನ ಡಬ್ಬಿ ಲಕ್ಷಣವಾಗಿ ಕೂತಿತ್ತು. ತೆಗೆದು ಕಾಗದದ ಮೇಲೆ ಒಂದಿಷ್ಟು ಸವರಿದ. ಮೂಲೆಯಲ್ಲಿದ್ದ ಬೇರಿಂಗ್ ಗ್ರೀಸಿನ ಡ್ರಮ್ಮಿನಿಂದ ಬೆರಳಲ್ಲಿ ತೆಗೆದು ಪಕ್ಕದಲ್ಲೇ ಸವರಿದ. ಎರಡೂ ಒಂದೇ. ಒಂದೇ ಜಿಗುಟು, ಒಂದೇ ಎಳೆ. ಮೂಗಿನ ಹತ್ತಿರ ಹಿಡಿದ, ವಾಸನೆಯೂ ಒಂದೇ.

ಯಾರು ಬದಲಾಯಿಸಿದರು ಎಂದು ಕೇಳಿಕೊಳ್ಳುವ ಮೊದಲೇ ನೆನಪಾಯಿತು. ಡಾಕ್ಟರಮ್ಮನ ಕಾರು ಮೊದಲ ಸಲ ಬರುವುದಕ್ಕೆ ಮುಂಚೆ ಒಂದು ದಿನ, ಹಾಲಿನ ವ್ಯಾನೊಂದು ರಸ್ತೆಯ ಆಚೆ ಬದಿ ಬೇರಿಂಗ್ ಒಡೆದು ನಿಂತಿತ್ತು. ಡ್ರಮ್ಮು ಹೊತ್ತುಕೊಂಡು ರಸ್ತೆ ದಾಟುವುದಕ್ಕಾಗುತ್ತದೆಯೇ? ರಬ್ಬರ್ ಗ್ರೀಸ್ ಅವತ್ತಷ್ಟೇ ಮುಗಿದು, ಡಬ್ಬಿ ಖಾಲಿಯಾಗಿತ್ತು. ಅದಕ್ಕೆ ಡ್ರಮ್ಮಿನದನ್ನು ತುಂಬಿಕೊಂಡು ಹೋದ, ಕೆಲಸ ಮುಗಿಸಿ ಬಂದ, ಡಬ್ಬಿಯ ಮೈ ಒರೆಸಿದ. ಆಮೇಲೆ ಕೈ ತಾನಾಗಿ ಮೇಲಕ್ಕೆ ಹೋಗಿ ಅದನ್ನು ಅದರ ವೃತ್ತದಲ್ಲಿ ಇಟ್ಟಿತು. ಬೈಯಲು ಬೇರೆ ಯಾರೂ ಇಲ್ಲ, ಯಾರ ಅಜಾಗರೂಕತೆಯೂ ಅಲ್ಲ, ಅವನದೇ ಶಿಸ್ತು ಮಾಡಿದ ಕೆಲಸ ಅದು. ಹೊಸ ಡಬ್ಬಿ ತರಬೇಕೆಂದುಕೊಂಡಿದ್ದ. ಹಲಗೆಯ ಮೇಲೆ ತುಂಬಿದ ಡಬ್ಬಿ ಕಂಡು ಮರೆತ. ಮೂಗಪ್ಪ ಹೋದ ಮೇಲೆ "ಗ್ರೀಸ್ ಎಷ್ಟು ದಿನ ಬರ್ತಿದೆ ನೋಡು, ಅವನು ಸುಮ್ನೆ ಬಳಿದು ಹಾಳು ಮಾಡ್ತಿದ್ದ" ಎಂದು ಹೆಂಡತಿಗೆ ಹೇಳಿದ್ದೂ ನೆನಪಾಗಿ ನಾಚಿಕೆಯಾಯಿತು.

ಆ ಡಬ್ಬಿಯ ಗ್ರೀಸು ಎಷ್ಟು ಸೀಲುಗಳಿಗೆ ಹೋಗಿದೆ? ಬೆರಳು ಮಡಿಸಿದ. ಬೇರೆಯವರದ್ದೆಲ್ಲ ಬರೀ ಪ್ಯಾಡ್ ಬದಲಾಯಿಸಿದ್ದು, ಸೀಲು ಮುಟ್ಟಿರಲಿಲ್ಲ. ಸೀಲು ಹಾಕಿದ್ದು ಎರಡೇ ಕಾರಿಗೆ. ಒಂದು ಇಲ್ಲಿ ಕಣ್ಣೆದುರಿಗಿದೆ. ಇನ್ನೊಂದು ಮೂಗಪ್ಪನದು.

ಗ್ಯಾರೇಜು ಬಿಟ್ಟವನು ಹಳೆಯದೊಂದು ಕಾರು ತೆಗೆದುಕೊಂಡು ಬಾಡಿಗೆಗೆ ಓಡಿಸತೊಡಗಿದ್ದ. "ಮಾತಾಡದಿದ್ರೆ ಬೇಡ, ಅವನ ಬ್ರೇಕ್ ಆದ್ರೂ ನೋಡಿಕೊಡಿ. ನಿಮ್ಮ ಕೈಯಲ್ಲಾದ್ರೆ ನನಗೆ ಧೈರ್ಯ" ಎಂದು ಹೆಂಡತಿ ಗೋಗರೆದಿದ್ದಳು. ಮೂಗಪ್ಪ ಒಳಗೆ ಕಾಲಿಡದೆ ಕಾರನ್ನು ಬಾಗಿಲಲ್ಲಿ ಬಿಟ್ಟು, ಕೀಲಿಯನ್ನು ಅಕ್ಕನ ಕೈಗೆ ಕೊಟ್ಟು ಹೋಗಿದ್ದ. ಗುಲಗಂಜಿ ಒಂದಿಡೀ ದಿನ ಕೂತು ಹಿಂದಿನ ಎರಡೂ ಕ್ಯಾಲಿಪರ್ ಬಿಚ್ಚಿ ಕಟ್ಟಿದ. ಕ್ಷಮೆ ಕೇಳಲು ಬಾಯಿ ಬಾರದವನು ಕೈಯಲ್ಲಿ ಕೇಳಿದ್ದ ಎನ್ನಬಹುದು. ಬೇರೆ ಯಾವ ಕೆಲಸಕ್ಕೂ ಬಳಿಯದಷ್ಟು ಧಾರಾಳವಾಗಿ ಗ್ರೀಸು ಬಳಿದಿದ್ದ.

ಇವತ್ತು ಬೆಳಿಗ್ಗೆ ತಿಂಡಿ ಬಡಿಸುತ್ತ ಹೆಂಡತಿ ಹೇಳಿದ್ದಳು, ತಮ್ಮ ಯಾರೋ ಆಸ್ಪತ್ರೆಯಿಂದ ಬಿಡುಗಡೆಯಾದವರನ್ನು ಬೆಟ್ಟದ ಮೇಲಿನ ಊರಿಗೆ ಬಿಟ್ಟುಬರಲು ಹೋಗಿದ್ದಾನೆ ಎಂದು. ಹತ್ತುವಾಗ ಬ್ರೇಕಿಗೆ ಕೆಲಸ ಕಡಿಮೆ. ಇಳಿಯುವಾಗ ಹದಿನೇಳು ತಿರುವು.

ಗುಲಗಂಜಿ ಫೋನ್ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ. ಆಡಿದ ಮಾತಿಗೆ ತಪ್ಪದವನು ಮೂಗಪ್ಪ, ಎತ್ತಲಿಲ್ಲ. ಒಂಬತ್ತು ಸಲ ಮಾಡಿದ ಮೇಲೆ ದಪ್ಪ ಬೆರಳುಗಳಿಂದ 'ಫೋನ್ ಎತ್ತು' ಎಂದು ಒತ್ತಿ ಕಳಿಸಿದ. ಕಳಿಸಿದ ಮೇಲೆ ನೋಡಿದರೆ ಅದು ಹತ್ತೊಂಬತ್ತು ವರ್ಷದ ಅವವೇ ಅಪ್ಪಣೆಗಳ ಹಾಗಿತ್ತು. 'ಗ್ರೀಸ್ ತಪ್ಪಾಗಿದೆ, ನನ್ನ ತಪ್ಪು, ಗಾಡಿ ಇಳಿಸಬೇಡ' ಎಂದು ಬರೆಯಬಹುದಿತ್ತು. ಬೆರಳು ಅಕ್ಷರದ ಮೇಲೆ ಸುಳಿದಾಡಿತು, ಒತ್ತಲಿಲ್ಲ.

ಅಕ್ಕನ ಫೋನಾದರೆ ಮೂಗಪ್ಪ ಎತ್ತುತ್ತಾನೆ. ಅದು ಗುಲಗಂಜಿಗೆ ಮೊದಲ ನಿಮಿಷದಲ್ಲೇ ಗೊತ್ತಿತ್ತು. ಅಕ್ಕ ಇರುವುದು ಹನ್ನೆರಡು ಮೆಟ್ಟಿಲು ಮೇಲೆ. ಆದರೆ ಆ ಹನ್ನೆರಡು ಮೆಟ್ಟಿಲು ಹತ್ತಿದರೆ ಯಾಕೆಂದು ಹೇಳಬೇಕು. ನಿನ್ನ ತಮ್ಮ ಹೇಳಿದ್ದೇ ನಿಜ, ನಾನು ಎಲ್ಲರೆದುರು ಅವನ ಮಾನ ತೆಗೆದದ್ದು ಸುಳ್ಳಿಗೆ, ಅವನ ಗಾಡಿಯನ್ನು ಹಾಳು ಮಾಡಿದವನೂ ನಾನೇ ಎನ್ನಬೇಕು. ಇಪ್ಪತ್ತೈದು ನಿಮಿಷ ಅವನು ಬೆಂಚಿಗೂ ಮೆಟ್ಟಿಲಿಗೂ ನಡುವೆ ಓಡಾಡಿದ. ಆಮೇಲೆ ಹತ್ತಿದ.

ಹೆಂಡತಿ ಅಂಗಿಯ ಕಾಲರಿನ ಮೇಲೆ ಇಸ್ತ್ರಿ ಎಳೆಯುತ್ತಿದ್ದಳು.

"ನೋಡೇ, ನಿನ್ನ ತಮ್ಮಂಗೊಂದು ಫೋನ್ ಮಾಡು."

"ಯಾಕೆ? ಏನಾಯ್ತು?" ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಅವಳು ಗಂಡನ ಮುಖ ನೋಡಿದಳು. "ನೀವಾಗಿ ನೀವು ಅವನ ಹೆಸರು ಎತ್ತಿದ್ರಲ್ಲ, ದೇವರು ದೊಡ್ಡವನು."

ಅವಳ ಮುಖದಲ್ಲಿ ಸಂತೋಷ ಅರಳಿತ್ತು. ಗಂಡ ರಾಜಿಗೆ ಬಂದ ಎಂದುಕೊಂಡಿದ್ದಳು ಪಾಪ. ಗುಲಗಂಜಿ ಇಸ್ತ್ರಿಯ ಕೆಳಗಿದ್ದ ಅಂಗಿಯತ್ತ ಕಣ್ಣು ಹೊರಳಿಸಿದ.

"ಏನಿಲ್ಲ. ಅವನ ಬ್ರೇಕ್ ಒಂದ್ಸಲ ಚೆಕ್ ಮಾಡ್ಬೇಕು. ವಾಪಸ್ ಬಂದ್ಮೇಲೆ ಗ್ಯಾರೇಜಿಗೆ ತರ್ಲಿ ಅಂತ ಹೇಳು."

ಒಂದೇ ರಿಂಗಿಗೆ ಮೂಗಪ್ಪ ಎತ್ತಿದ. ಅವಳು ಫೋನನ್ನು ಕಿವಿಗೊತ್ತಿಕೊಂಡು ನಗುತ್ತ ಮಾತಾಡಿದಳು. ಆಮೇಲೆ ಫೋನಿಗೆ ಅಂಗೈ ಮುಚ್ಚಿ ಗಂಡನತ್ತ ತಿರುಗಿದಳು.

"ಅವರನ್ನ ಬಿಟ್ಟು ಮೇಲೇ ಟೀ ಅಂಗಡಿ ಹತ್ರ ನಿಂತಿದಾನಂತೆ. ಹಿಂದಿನ ಚಕ್ರ ಒಂಚೂರು ಬಿಸಿ ಇದೆಯಂತೆ, ಏನೋ ವಾಸನೆ ಬರ್ತಿದೆಯಂತೆ. ಗಾಡಿ ಇಲ್ಲೇ ನಿಲ್ಲಿಸಿ ಬಸ್ಸಿಗೆ ಬರ್ಲಾ, ಇಲ್ಲ ಇಳಿಸ್ಕೊಂಡು ಬರ್ಲಾ, ಭಾವನ್ನ ಕೇಳು ಅಂತಿದಾನೆ. ಏನ್ ಹೇಳ್ಲಿ?"

ನಿಲ್ಲಿಸು ಎಂದರೆ ಯಾಕೆ ಎನ್ನುತ್ತಾಳೆ. ಗುಲಗಂಜಿ ಲೆಕ್ಕ ಹಾಕಿದ. ಡಾಕ್ಟರಮ್ಮನ ಕಾರು ಇದೇ ಗ್ರೀಸಿನಲ್ಲಿ ಆರು ವಾರ ಓಡಿದೆ, ಬಿಸಿಯಾಗಿದೆ ಅಷ್ಟೇ, ಯಾರೂ ಸತ್ತಿಲ್ಲ. ಮೂಗಪ್ಪ ಖಾಲಿ ಗಾಡಿಯಲ್ಲಿ ಬರುತ್ತಾನೆ. ಒಳ್ಳೆಯ ಕೈ. ಚಿಕ್ಕ ಗೇರಿನಲ್ಲಿ ಬಂದರೆ ಆಯಿತು. ಸಂಜೆ ಸದ್ದಿಲ್ಲದೆ ಎರಡೂ ಸೀಲು ಬದಲಾಯಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬೇರೆಯವರ ಗಾಡಿಯಾಗಿದ್ದರೆ ಇಂಥ ಲೆಕ್ಕ ಹಾಕುವವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು ಹೊರಗಟ್ಟುತ್ತಿದ್ದ ಮನುಷ್ಯ ಅವನು.

"ಬರ್ಲಿ," ಎಂದ. "ನಿಧಾನಕ್ಕೆ ಬರ್ಲಿ."

"ಬಾ ಅಂತಿದಾರೆ ಕಣೋ. ನಿಧಾನಕ್ಕೆ ಬಾ." ಆ ಕಡೆಯಿಂದ ಏನೋ ಕೇಳಿ ಅವಳು ನಕ್ಕಳು. ಫೋನಿಟ್ಟ ಮೇಲೂ ನಗುತ್ತಲೇ ಇದ್ದಳು. "ಭಾವ ಹೇಳಿದ್ಮೇಲೆ ಇನ್ನೇನು, ಬಂದೆ ಅಂದ. ಊಟಕ್ಕೆ ಎಲೆ ಹಾಕಿರು ಅಂತ ಬೇರೆ ಹೇಳ್ದ."

ಅವನು ಊಟಕ್ಕೆ ಬರಲಿಲ್ಲ.

ಏಳನೆಯ ತಿರುವಿನಲ್ಲಿ ಆದದ್ದು. ಹಿಂದೆ ಬರುತ್ತಿದ್ದ ಲಾರಿಯ ಡ್ರೈವರ್ ಮರುದಿನ ಮನೆಗೇ ಬಂದು, ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದ. "ಎಷ್ಟು ನಿಧಾನಕ್ಕೆ ಬರ್ತಿದ್ರು ಅಂದ್ರೆ ನಾನೇ ಎರಡು ಸಲ ಹಾರ್ನ್ ಹೊಡೆದೆ. ಹಿಂದಿನ ಕೆಂಪು ದೀಪ ಆರ್ತಾನೇ ಇರ್ಲಿಲ್ಲ, ಬ್ರೇಕ್ ಮೇಲೇ ಕಾಲು. ಚಕ್ರದಿಂದ ಹೊಗೆ ಬಂತು, ದೀಪ ಹಾಕಿ ಸನ್ನೆ ಮಾಡೋಷ್ಟರಲ್ಲಿ ಗಾಡಿ ಇದ್ದಕ್ಕಿದ್ದಂಗೆ ಓಡೋಕೆ ಶುರುವಾಯ್ತು. ದೀಪ ಮಾತ್ರ ಉರೀತಾನೇ ಇತ್ತು."

ಗುಲಗಂಜಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಿಡದೆ ಕಚ್ಚಿಕೊಂಡ ಪಿಸ್ಟನ್ನು, ಮೇಲಿಂದ ಮೇಲೆ ಒತ್ತಿದ ಕಾಲು, ಒಳಗೆ ಕುದಿದ ಬ್ರೇಕ್ ಆಯಿಲ್. ಆಯಿಲ್ ಕುದಿದರೆ ಪೆಡಲು ನೆಲ ಮುಟ್ಟುತ್ತದೆ. ಮೂಗಪ್ಪನಿಗೂ ಕೊನೆಯ ಗಳಿಗೆಯಲ್ಲಿ ಅದು ಗೊತ್ತಾಗಿರಬೇಕು, ಹತ್ತೊಂಬತ್ತು ವರ್ಷ ಇದೇ ಕೆಲಸ ಮಾಡಿದವನಿಗೆ. ಈ ಯೋಚನೆ ಬಂದಾಗಲೆಲ್ಲ ಗುಲಗಂಜಿ ಎದ್ದು ಹೋಗಿ ಕೈ ತೊಳೆದುಕೊಂಡು ಬರುತ್ತಿದ್ದ.

ಗಾಡಿ ನೋಡಲು ಬಂದ ಇನ್ಸ್‌ಪೆಕ್ಟರು 'ಹಳೆಯ ಗಾಡಿ, ಇಳಿಜಾರು, ಬ್ರೇಕ್ ಕಾದಿದೆ' ಎಂದು ಮೂರು ಮಾತು ಬರೆದು ಮುಗಿಸಿದರು. ಯಾರೂ ಗುಲಗಂಜಿಯತ್ತ ಬೆರಳು ತೋರಲಿಲ್ಲ. ಬದಲಿಗೆ, ಸ್ವಂತ ಕೈಯಲ್ಲಿ ಬ್ರೇಕ್ ಮಾಡಿಕೊಟ್ಟಿದ್ದನಲ್ಲ, ಎಷ್ಟು ನೊಂದಿರಬೇಕು ಎಂದು ಮರುಗಿದರು. ಹೆಂಡತಿ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. "ನಿಧಾನಕ್ಕೆ ಬಾ ಅಂತ ಹೇಳಿದ್ದೆ. ನನ್ನ ಮಾತು ಮೀರ್ಲಿಲ್ಲ, ನಿಧಾನಕ್ಕೇ ಬಂದನಂತೆ." ಬಂದವರು "ನಿಮ್ಮ ಕೈಲಾದ್ದು ನೀವು ಮಾಡಿದ್ರಿ" ಎನ್ನುತ್ತಿದ್ದರು. ಅವಳು ಆ ಒಂದು ಮಾತನ್ನು ಹಿಡಿದುಕೊಂಡೇ ಎದ್ದು ಕೂತು ಮಾಡುತ್ತಿದ್ದಳು.

ಎರಡು ವಾರ ಗ್ಯಾರೇಜಿನ ಬಾಗಿಲು ತೆರೆಯಲಿಲ್ಲ. ತೆರೆದ ದಿನ ಮೊದಲು ಬಂದವರು ಡಾಕ್ಟರಮ್ಮ. ನೀಲಿ ಕಾರು ಮೂರು ಚಕ್ರದ ಮೇಲೆ ಹಾಗೇ ನಿಂತಿತ್ತು. ಬಿಚ್ಚಿದ ಕ್ಯಾಲಿಪರ್ ಬೆಂಚಿನ ಇಕ್ಕಳದಲ್ಲಿ, ಎರಡು ಸೀಲುಗಳು ಕಾಗದದ ಮೇಲೆ ಅಕ್ಕಪಕ್ಕದಲ್ಲಿ, ಅದರ ಪಕ್ಕದಲ್ಲಿ ಕೆಂಪು ಡಬ್ಬಿ. ಹೆಂಡತಿ ಡಾಕ್ಟರಮ್ಮನ ದನಿ ಕೇಳಿ ಮೆಟ್ಟಿಲಿಳಿದು ಬಂದು ಕೊನೆಯ ಮೆಟ್ಟಿಲ ಮೇಲೆ ನಿಂತಳು.

"ನಿಮ್ಮ ಮನೇಲಿ ಇಂಥದ್ದಾಗಿರುವಾಗ ಕಾರಿನ ವಿಷಯ ಕೇಳೋಕೆ ನಂಗೆ ನಾಲಗೆ ಬರಲ್ಲ ಮೇಸ್ತ್ರಿ," ಎಂದರು ಡಾಕ್ಟರಮ್ಮ. "ಹೋದವರ ಬಗ್ಗೆ ಹೇಳ್ಬಾರ್ದು, ಆದ್ರೂ... ಅವತ್ತು ಅವರು ಕೆಡಿಸಿದ್ದು ಇನ್ನೂ ಸರಿಹೋಗಿಲ್ವಾ?"

ಹೆಂಡತಿ ತಲೆ ತಗ್ಗಿಸಿದಳು. ಸತ್ತ ತಮ್ಮನ ಪರವಾಗಿ ನಾಚಿಕೊಂಡಳು. ಅದನ್ನು ಗುಲಗಂಜಿಗೆ ನೋಡಲಾಗಲಿಲ್ಲ.

"ಅವನು ಕೆಡಿಸ್ಲಿಲ್ಲಮ್ಮ," ಎಂದ. "ನಾನು ಕೆಡಿಸಿದ್ದು. ಈ ಡಬ್ಬಿಗೆ ಬೇರಿಂಗ್ ಗ್ರೀಸ್ ತುಂಬಿ ಇದರ ಜಾಗದಲ್ಲಿ ಇಟ್ಟವನು ನಾನು. ವಾಸನೆ ಸರಿಯಿಲ್ಲ ಅಂತ ಅವನು ಹೇಳಿದ್ದ, ನೀವೂ ಕೇಳಿಸ್ಕೊಂಡ್ರಿ. ನಿಮ್ಮ ಗಾಡಿಗೂ ಇದೇ ಬಳಿದೆ. ಅವನ ಗಾಡಿಗೂ ಇದೇ ಬಳಿದೆ."

ಡಾಕ್ಟರಮ್ಮನ ಕೈ ಬಾಯಿಗೆ ಹೋಯಿತು. ಹೆಂಡತಿ ಮೆಟ್ಟಿಲಿಳಿದು ಬೆಂಚಿನ ಹತ್ತಿರ ಬಂದಳು. ಬ್ರೇಕಿನವನ ಜೊತೆ ಬಾಳಿದವಳು. ಊದಿದ ಸೀಲನ್ನು ಬೆರಳಲ್ಲಿ ಹಿಚುಕಿ ನೋಡಿದಳು, ಹೊಸದನ್ನು ಹಿಚುಕಿ ನೋಡಿದಳು.

"ಇದು ಯಾವಾಗ ಗೊತ್ತಾಯ್ತು ನಿಮಗೆ?"

"ಅವತ್ತೇ."

"ಅವತ್ತು ಯಾವಾಗ?"

"ಮೇಲಕ್ಕೆ ಬರೋಕೆ ಮುಂಚೆ."

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಅತ್ತಿದ್ದರೆ ಗುಲಗಂಜಿ ಬದುಕಿಕೊಳ್ಳುತ್ತಿದ್ದ.

"ಗಾಡಿ ಮೇಲೇ ನಿಲ್ಲಿಸ್ಲಾ ಅಂತ ಕೇಳಿದ್ದ."

"ಹೂಂ."

"ಬರ್ಲಿ ಅಂದ್ರಿ."

"ಹೂಂ."

"ಸಾಯೋಕೆ ಬಾ ಅಂತ ಕರೆಯೋಕೆ ನನ್ನ ಬಾಯೇ ಬೇಕಿತ್ತೇನ್ರಿ?"

ಅವಳು ಊದಿದ ಸೀಲನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮೆಟ್ಟಿಲು ಹತ್ತಿದಳು. ಮೇಲೆ ಬಾಗಿಲ ಚಿಲಕ ಬಿದ್ದ ಸದ್ದು ಕೇಳಿತು. ಡಾಕ್ಟರಮ್ಮ ಬೆಂಚಿನ ಮೇಲಿದ್ದ ತಮ್ಮ ಕೀಲಿಯನ್ನು ತೆಗೆದುಕೊಂಡು, "ಗಾಡಿ ಎಳೆಸ್ಕೊಂಡು ಹೋಗೋಕೆ ಯಾರನ್ನಾದ್ರೂ ಕಳಿಸ್ತೀನಿ" ಎಂದು ಹೊರಗೆ ನಡೆದರು.

ಗುಲಗಂಜಿ ಡಬ್ಬಿಯ ಮುಚ್ಚಳ ಹಾಕಿದ. ಕೈ ಅಭ್ಯಾಸದಂತೆ ಹಲಗೆಯತ್ತ ಹೋಯಿತು. ಬಿಳಿ ವೃತ್ತದ ಹತ್ತಿರ ಅದು ನಿಂತಿತು, ಮತ್ತು ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಅದನ್ನು ಹಿಡಿದುಕೊಂಡೇ ಇದ್ದ.